ಆರು ಅಂಕಿ ಬರುವ ತನಕ

ದಾಕ್ಷಾಯಣಿಗೆ ಒಂದು ಅಭ್ಯಾಸವಿತ್ತು. ಗುರುಗಳನ್ನು ಏನಾದರೂ ಕೇಳಬೇಕೆನಿಸಿದಾಗ ಮೊದಲು ಆ ಪ್ರಶ್ನೆಯನ್ನು ಬಲಗೈ ಬೆರಳಿನಿಂದ ಎಡಗೈಯ ಅಂಗೈ ಮೇಲೆ ಬರೆದು ನೋಡುತ್ತಿದ್ದಳು. ಶಾಯಿಯಿಲ್ಲದ ಬರಹ. ಪ್ರಶ್ನೆ ಅಂಗೈಯೊಳಗೆ ಹಿಡಿಸಿದರೆ ಕೇಳುತ್ತಿದ್ದಳು. ಹಿಡಿಸದೆ ಮಣಿಕಟ್ಟಿನ ತನಕ ಹರಿದರೆ, ಇದಿನ್ನೂ ಪ್ರಶ್ನೆಯಾಗಿಲ್ಲ ಎಂದುಕೊಂಡು ಸುಮ್ಮನಾಗುತ್ತಿದ್ದಳು. ಒಂಬತ್ತು ವರ್ಷಗಳಲ್ಲಿ ಅವಳು ಬಾಯಿಬಿಟ್ಟು ಕೇಳಿದ ಪ್ರಶ್ನೆಗಳು ಹೆಚ್ಚಿಲ್ಲ.

ಅವಳು ಅಮೃತಯ್ಯ ಗುರುಗಳ ಮನೆಗೆ ಗಮಕ ಕಲಿಯಲು ಬಂದವಳು. ಕಾವ್ಯವನ್ನು ರಾಗದಲ್ಲಿ ಓದುವ ವಿದ್ಯೆ ಅದು. ಬರುವಾಗ ಅವಳಿಗೆ ಹದಿನೈದು ವರ್ಷ, ಈಗ ಇಪ್ಪತ್ತನಾಲ್ಕು. ಜೊತೆಯಲ್ಲಿ ಬಂದವರೆಲ್ಲ ಒಬ್ಬೊಬ್ಬರಾಗಿ ಕಲಿತು ಹೊರಟುಹೋಗಿದ್ದರು. ಮರುದಿನ ಬೆಳಗಿನ ಬಸ್ಸಿಗೆ ಅವಳೂ ಹೊರಡುವವಳಿದ್ದಳು. ದೂರದ ಊರಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಗಮಕ ಕಲಿಸಲು ಅವಳನ್ನು ಕರೆದಿದ್ದರು.

ಆ ಸಂಜೆ ಗುರುಗಳು ಜಗಲಿಯಲ್ಲಿ ಕೂತಿದ್ದರು. ಅವಳು ಬಂದು ಕಂಬದ ಪಕ್ಕ ನಿಂತಳು.

“ಗುರುಗಳೇ, ಕಲಿಸುವವರು ಮಾಡುವ ತಪ್ಪುಗಳಲ್ಲಿ ಯಾವುದು ದೊಡ್ಡದು?”

“ತಪ್ಪಾಗಿ ಕಲಿಸುವುದು ಅಂದರೆ ಒಪ್ಪುತ್ತೀಯೇನು?”

“ಅದನ್ನು ಇನ್ನೊಬ್ಬರು ತಿದ್ದಬಹುದು.”

“ಹಾಗಾದರೆ ನಿನಗೆ ಉತ್ತರ ಬೇಡ, ಕತೆ ಬೇಕು. ಕೂತುಕೋ,” ಎಂದರು ಗುರುಗಳು.

ಅವಳು ಕೂತಳು. ಗುರುಗಳು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಜೇನು ಸಾಕುವವರ ಸಂಘವಿತ್ತು. ಸಂಘ ಪೇಟೆಯಲ್ಲಿತ್ತೇ ಹೊರತು ಸದಸ್ಯರು ಯಾರೂ ಪೇಟೆಯಲ್ಲಿರಲಿಲ್ಲ. ಹೂವು ಎಲ್ಲಿದೆಯೋ ಅಲ್ಲಿ ಅವರು. ಹುಚ್ಚೆಳ್ಳು ಅರಳಿದಾಗ ಹೊಲದ ಬದುವಿನಲ್ಲಿ, ಹೊಂಗೆ ಅರಳಿದಾಗ ತೋಪಿನಲ್ಲಿ. ಪೆಟ್ಟಿಗೆಗಳನ್ನು ಗಾಡಿಗೆ ಹೇರಿಕೊಂಡು ಹೋಗಿ ಇಳಿಸುವುದು, ಹೂವು ಉದುರಿದ ಮೇಲೆ ಮತ್ತೆ ಹೇರಿಕೊಂಡು ಹೊರಡುವುದು. ವರ್ಷವೆಲ್ಲ ಇದೇ ಅವರ ಬಾಳು.

ಹೀಗೆ ಚದುರಿ ಹೋದವರನ್ನು ಒಂದು ಕಡೆ ಸೇರಿಸಲು ಸಂಘದವರು ಎರಡು ವೆಬ್‌ಸೈಟು ಮಾಡಿದ್ದರು. ಒಂದರಲ್ಲಿ ಹೂವಿನ ಸುದ್ದಿ. ಯಾರು ಎಲ್ಲಿ ಹೊಸ ಹೂವು ಕಂಡರೂ ಮೊದಲು ಅಲ್ಲಿ ಬರೆದು ಎಲ್ಲರಿಗೂ ತಿಳಿಸಬೇಕು, ಆಮೇಲೆ ತನ್ನ ಪೆಟ್ಟಿಗೆ ಎತ್ತಬೇಕು. ಅದು ಆ ಜನರ ಕಟ್ಟಳೆ. ಇನ್ನೊಂದರಲ್ಲಿ ಔಷಧಿಯ ಸುದ್ದಿ. ಯಾವ ಊರಿನ ಹೊಲಗಳಿಗೆ ಯಾವ ದಿನ ಹುಳದ ಔಷಧಿ ಹೊಡೆಯುತ್ತಾರೆ ಎಂದು ರೈತರನ್ನು ಕೇಳಿ ಹಾಕುತ್ತಿದ್ದರು. ಅದನ್ನು ಓದಿದವನು ಹಿಂದಿನ ಸಂಜೆಯೇ ಪೆಟ್ಟಿಗೆಗಳ ಬಾಯಿ ಮುಚ್ಚುತ್ತಿದ್ದ. ಓದದವನ ಜೇನು ಬೆಳಿಗ್ಗೆ ಹೂವಿಗೆ ಹೋಗಿ ಹಿಂದಿರುಗುತ್ತಿರಲಿಲ್ಲ.

ಎರಡರ ಒಳಗೂ ಸುಮ್ಮನೆ ಹೋಗುವಂತಿಲ್ಲ. ಸದಸ್ಯರ ಸಂಖ್ಯೆ ಹಾಕಬೇಕು, ಪಾಸ್‌ವರ್ಡ್ ಹಾಕಬೇಕು. ಆಗ ಸದಸ್ಯರ ಫೋನಿಗೆ ಆರು ಅಂಕಿ ಬರುತ್ತದೆ, ಅದನ್ನೂ ಹಾಕಬೇಕು. ಮೂರು ಸಲ ತಪ್ಪಿದರೆ ಒಂದು ದಿನ ಪೂರ್ತಿ ಬಾಗಿಲು ತೆಗೆಯುವುದಿಲ್ಲ. ಜೇನಿಗೆ ಹೆದರದ ಜನ ಇದಕ್ಕೆ ಹೆದರಿದರು. ಆದ್ದರಿಂದ ಸದಸ್ಯರಿಗೆ ಒಳಗೆ ಹೋಗುವುದನ್ನು ಹೇಳಿಕೊಡಲೆಂದೇ ಸಂಘದವರು ಒಬ್ಬ ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಂಡರು.

ಅವಳು ಮಹಡಿಯ ಮೇಲಿನ ಕೋಣೆಯಲ್ಲಿ ಕೂರುತ್ತಿದ್ದಳು. ಒಂದು ಮೇಜು, ಒಂದು ಕಂಪ್ಯೂಟರು, ಒಂದು ಫೋನು. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ. ಜೇನಿನ ಪೆಟ್ಟಿಗೆಯನ್ನು ಅವಳು ಚಿತ್ರದಲ್ಲಿ ಬಿಟ್ಟರೆ ಕಂಡವಳಲ್ಲ.

ಕೆಲಸದಲ್ಲಿ ಮಾತ್ರ ಬಲು ಜಾಣೆ. ಯಾರಿಗೂ ರೇಗುತ್ತಿರಲಿಲ್ಲ. “ಮೇಲೆ ಎಡಗಡೆ ಮೂರು ಗೆರೆ ಇದೆ ನೋಡಿ ಯಜಮಾನ್ರೇ, ಅದನ್ನು ಒತ್ತಿ,” ಎಂದರೆ ಒಬ್ಬ ಮುದುಕ, “ಮೂರು ಗೆರೆ ನನ್ನ ಹಣೆ ಮೇಲಿದೆ ಕಣಮ್ಮ, ಫೋನಲ್ಲಿ ಒಂದೂ ಇಲ್ಲ,” ಎನ್ನುತ್ತಿದ್ದ. ಅವಳು ನಕ್ಕು, ಮತ್ತೆ ಮೊದಲಿನಿಂದ ಹೇಳುತ್ತಿದ್ದಳು. ಇನ್ನೂರು ಜನಕ್ಕೆ ಹೀಗೆ ಕಲಿಸಿದ್ದಳು. ಕಲಿತವರು ಮತ್ತೆ ಫೋನು ಮಾಡುತ್ತಿರಲಿಲ್ಲ. ಅವಳ ಕೆಲಸವೇ ಅಂಥದು. ಚೆನ್ನಾಗಿ ಮಾಡಿದಷ್ಟೂ ಫೋನು ಸುಮ್ಮನಾಗುತ್ತಿತ್ತು.

ಸಂಘದವರು ಅವಳಿಗೆ ಒಂದೇ ನಿಯಮ ಹೇಳಿದ್ದರು. ಸದಸ್ಯರ ಫೋನಿಗೆ ಬರುವ ಆರು ಅಂಕಿಯನ್ನು ಯಾವ ಕಾರಣಕ್ಕೂ ಕೇಳಬಾರದು. ಅವರಿಂದಲೇ ಹಾಕಿಸಬೇಕು.

ಒಂದು ಸೋಮವಾರ ಬೆಳಿಗ್ಗೆ ಒಬ್ಬ ಜೇನುಗಾರ ಫೋನು ಮಾಡಿದ. ಗುಡ್ಡದ ಮೇಲಿಂದ ಮಾತಾಡುತ್ತಿದ್ದ. ಎರಡು ದಿನದಿಂದ ಬಾಗಿಲು ಮುಚ್ಚಿಕೊಂಡಿದೆ, ಕೆಳಗಿನ ಹೊಲಗಳಿಗೆ ಔಷಧಿ ಹೊಡೆಯುವ ಮಾತು ಕೇಳಿಬರುತ್ತಿದೆ, ದಿನ ಯಾವುದು ಗೊತ್ತಿಲ್ಲ ಎಂದ. ಅವನ ದನಿಯಲ್ಲಿ ಗಾಬರಿಯಿತ್ತು. ಕಲಿಸಲು ಅದು ಹೊತ್ತಲ್ಲ. ಅವಳು ಮುಚ್ಚಿದ್ದನ್ನು ತನ್ನ ಕಂಪ್ಯೂಟರಿನಿಂದ ತೆಗೆದಳು. ಆದರೆ ಔಷಧಿಯ ಸುದ್ದಿ ಸದಸ್ಯರ ಅಂಕಿಯಿಲ್ಲದೆ ಅವಳಿಗೂ ಕಾಣುತ್ತಿರಲಿಲ್ಲ. “ಇವತ್ತೊಂದು ದಿನ ನಾನೇ ಒಳಗೆ ಹೋಗಿ ಓದಿ ಹೇಳುತ್ತೇನೆ. ನಿಮ್ಮ ಪಾಸ್‌ವರ್ಡ್ ಹೇಳಿ, ಅಂಕಿ ಬಂದ ತಕ್ಷಣ ಅದನ್ನೂ ಹೇಳಿ,” ಎಂದಳು.

“ಅದನ್ನು ಕೇಳಬಾರದಲ್ಲವೇ?” ಎಂದಳು ದಾಕ್ಷಾಯಣಿ.

“ಕೇಳಬಾರದು,” ಎಂದರು ಗುರುಗಳು. “ಆದರೆ ಅವತ್ತು ಕೇಳಿದ್ದು ತಪ್ಪಲ್ಲ. ಅವನ ಜೇನು ಉಳಿಯಿತು.”

ಗುಡ್ಡದ ಮೇಲೆ ಸಿಗ್ನಲ್ಲು ಕಡಿಮೆ. ಅಂಕಿ ಬರಲು ಮೂರು ನಿಮಿಷ ಹಿಡಿಯಿತು. ಆ ಮೂರು ನಿಮಿಷ ಇಬ್ಬರೂ ಫೋನು ಹಿಡಿದುಕೊಂಡೇ ಕಾಯಬೇಕಾಯಿತು. ಸುಮ್ಮನೆ ಕಾಯುವುದು ಹೇಗೆ ಎಂದುಕೊಂಡು ಅವನೇ ಮಾತು ತೆಗೆದ.

“ನಿಮ್ಮ ಕಿಟಕೀಲಿ ಏನು ಕಾಣುತ್ತೆ ತಾಯಿ?”

“ಗೋಡೆ.”

“ಗೋಡೆ ಮೇಲೆ?”

“ಸುಣ್ಣ.”

“ಅಯ್ಯೋ ಪಾಪ, ಸುಣ್ಣಕ್ಕೆ ಒಂದು ಹುಳಾನೂ ಬರಲ್ಲ,” ಎಂದ. ಆಮೇಲೆ ತನಗೆ ಕಾಣುವುದನ್ನು ಹೇಳಿದ. ಅಂಟುವಾಳದ ಮರ ಹೂವಾಗಿದೆ, ಹೂವು ಎಲೆಗಿಂತ ಸಣ್ಣದು, ದೂರದಿಂದ ನೋಡಿದರೆ ಮರಕ್ಕೆ ಧೂಳು ಹಿಡಿದ ಹಾಗೆ ಕಾಣುತ್ತದೆ, ಹತ್ತಿರ ಹೋದರೆ ಇಡೀ ಮರ ಗುಂಯ್ ಎನ್ನುತ್ತಿರುತ್ತದೆ ಎಂದ. ಅಷ್ಟರಲ್ಲಿ ಅಂಕಿ ಬಂತು. ಅವಳು ಹಾಕಿ, ಒಳಗೆ ಹೋಗಿ, ಔಷಧಿಯ ದಿನ ಓದಿ ಹೇಳಿದಳು. ಅವನು ಬರುತ್ತೇನೆ ತಾಯಿ ಎಂದು ಫೋನು ಇಟ್ಟ.

ಮುಂದಿನ ಸೋಮವಾರವೂ ಅವನು ಫೋನು ಮಾಡಿದ. ಅವತ್ತು ಗಾಬರಿಯೇನೂ ಇರಲಿಲ್ಲ. ಅವತ್ತು ಅವಳು ಕಲಿಸಬಹುದಿತ್ತು. “ಅಂಕಿ ಬರಲಿ ಇರಿ,” ಎಂದಳು.

ಹೀಗೆ ಸೋಮವಾರಗಳು ಸಾಗಿದವು. ಅವನು ಒಮ್ಮೆ ಹುಣಸೆ ಹೂವಿನ ಸುದ್ದಿ ಹೇಳಿದ. ಒಮ್ಮೆ, ಇವತ್ತು ಹುಳಗಳಿಗೆ ಯಾಕೋ ಕೋಪ, ಮೋಡ ನೋಡಿದರೆ ಅವಕ್ಕಾಗುವುದಿಲ್ಲ ಎಂದ. ಒಮ್ಮೆ, ತಾಳಿ ಕೇಳಿಸುತ್ತೇನೆ ಎಂದು ಫೋನನ್ನು ಪೆಟ್ಟಿಗೆಯ ಮೈಗೆ ಹಿಡಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ಆ ವಾರವೆಲ್ಲ ಗೋಡೆ ನೋಡುವಾಗ ಅವಳ ಕಿವಿಯಲ್ಲಿ ಆ ಸದ್ದೇ ಇತ್ತು. ಭಾನುವಾರ ಬಂದರೆ ಸಾಕು, ನಾಳೆ ಯಾವ ಹೂವೋ ಎಂದುಕೊಳ್ಳುತ್ತಿದ್ದಳು. ಅವನ ಮುಖ ಹೇಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗಬೇಕೆಂದೂ ಅನಿಸಿರಲಿಲ್ಲ. ವಾರಕ್ಕೆ ಮೂರು ನಿಮಿಷ ಅವಳ ಕಿಟಕಿಯಲ್ಲಿ ಗೋಡೆ ಇರುತ್ತಿರಲಿಲ್ಲ. ಅವಳಿಗೆ ಬೇಕಾದದ್ದು ಅಷ್ಟೇ.

ಒಂದು ತಿಂಗಳು ಅವನು ಪೇಟೆಗೆ ಹತ್ತಿರದ ಸೂರ್ಯಕಾಂತಿ ಹೊಲಗಳಲ್ಲಿ ಪೆಟ್ಟಿಗೆ ಇಳಿಸಿದ್ದ. ಅಲ್ಲಿ ಸಿಗ್ನಲ್ಲು ಚೆನ್ನಾಗಿತ್ತು. ಅವನು ನಮಸ್ಕಾರ ಎನ್ನುವಷ್ಟರಲ್ಲಿ ಅಂಕಿ ಬಂದುಬಿಡುತ್ತಿತ್ತು. ಮೊದಲ ಸೋಮವಾರ ಅವಳು ಅಂಕಿ ಹಾಕಿದಳು. ಮಾತು ಮುಗಿಯಿತು. ಎರಡನೆಯ ಸೋಮವಾರ ಅವನು ಅಂಕಿ ಹೇಳಿದಾಗ ಅವಳ ಕೈ ಮೇಜಿನ ಮೇಲೇ ಇತ್ತು.

“ತಗೊಳ್ಳುತ್ತಿಲ್ಲ ಯಜಮಾನ್ರೇ. ಇನ್ನೊಂದು ಸಲ ಕಳಿಸುತ್ತೇನೆ, ಇರಿ,” ಎಂದಳು.

“ಅದು ಸುಳ್ಳು,” ಎಂದಳು ದಾಕ್ಷಾಯಣಿ.

“ಸುಳ್ಳೇ,” ಎಂದರು ಗುರುಗಳು. “ಆದರೆ ಅದು ಸಣ್ಣದು.”

ಅವನಿಗೂ ಸಂಕೋಚವಾಗುತ್ತಿತ್ತು. ಪ್ರತಿ ವಾರ ಇವರಿಗೆ ತೊಂದರೆ ಕೊಡುತ್ತಿದ್ದೇನೆ ಎಂದು. “ನನಗೇ ಹೇಳಿಕೊಡಿ ತಾಯಿ, ಓದೋಕೆ ಬರುತ್ತೆ ನನಗೆ, ಒತ್ತೋಕೂ ಬರುತ್ತೆ,” ಎಂದ. “ಮಳೆಗಾಲ ಮುಗಿಯಲಿ, ಆಮೇಲೆ ನಿಧಾನವಾಗಿ ಹೇಳಿಕೊಡುತ್ತೇನೆ,” ಎಂದಳು. ಮಳೆಗಾಲ ಮುಗಿದು ಅವನು ಮತ್ತೆ ಕೇಳಿದ. “ಸಂಘದವರು ಸೈಟು ಬದಲಾಯಿಸುತ್ತಾರಂತೆ. ಹೊಸದು ಬಂದ ಮೇಲೆ ಕಲಿತರೆ ಒಂದೇ ಸಲಕ್ಕೆ ಆಗುತ್ತೆ,” ಎಂದಳು. ಸಂಘದವರು ಹಾಗೆ ಹೇಳಿದ್ದು ನಿಜ. ಅವಳ ಒಂದೊಂದು ಮಾತಿನಲ್ಲೂ ಒಂದಿಷ್ಟು ನಿಜವಿತ್ತು. ಅದಕ್ಕೇ ಅವಳಿಗೆ ಆ ಮಾತುಗಳನ್ನು ಆಡಲು ಕಷ್ಟವಾಗಲಿಲ್ಲ.

ಕಲಿಸಬೇಕಾದದ್ದೇನೂ ದೊಡ್ಡದಲ್ಲ. ಆರು ಅಂಕಿ ಹಾಕುವ ಜಾಗದ ಕೆಳಗೆ ಒಂದು ಸಣ್ಣ ಚೌಕವಿತ್ತು. ಪಕ್ಕದಲ್ಲಿ ‘ಈ ಫೋನನ್ನು ನೆನಪಿಟ್ಟುಕೊ’ ಎಂದು ಬರೆದಿತ್ತು. ಅದನ್ನು ಒಮ್ಮೆ ಒತ್ತಿದರೆ ಆಯಿತು. ಆಮೇಲೆ ಆ ಫೋನಿನಲ್ಲಿ ಪಾಸ್‌ವರ್ಡ್ ಬೇಡ, ಅಂಕಿ ಬೇಡ, ಯಾರನ್ನೂ ಕೇಳುವುದೂ ಬೇಡ. ಇನ್ನೂರು ಜನಕ್ಕೆ ಅವಳು ಹೇಳಿಕೊಟ್ಟಿದ್ದು ಆ ಚೌಕವನ್ನೇ. ಇವನಿಗೆ ಅದನ್ನು ಹೇಳಲಿಲ್ಲ.

ಎರಡು ವರ್ಷ ಹೀಗೆ ಕಳೆಯಿತು.

ಮೂರನೆಯ ವರ್ಷ ಅವಳ ಅಣ್ಣನ ಮನೆಯಲ್ಲಿ ಮದುವೆ ಬಂತು. ಅವಳು ಮೂರು ದಿನ ರಜೆ ಹಾಕಿ ಹೋದಳು. ಆ ಮೂರು ದಿನಗಳಲ್ಲಿ ಒಂದು ಸೋಮವಾರವಿತ್ತು. ಹೊರಡುವ ಮುಂಚೆ ಅವನಿಗೆ ಹೇಳಬೇಕೆಂದು ಅವಳಿಗೆ ಅನಿಸಿತ್ತು. ಹೇಳಿದರೆ, ಹಾಗಾದರೆ ಈಗಲೇ ಕಲಿಸಿಬಿಡಿ ಎನ್ನುತ್ತಾನೆ. ಒಂದು ವಾರ ತಾನೇ, ಏನಾಗುತ್ತದೆ ಎಂದುಕೊಂಡು ಹೋದಳು.

ಅವಳು ಹೋದ ಮೇಲೆ ಔಷಧಿಯ ಸೈಟಿನಲ್ಲಿ ಒಂದು ಸುದ್ದಿ ಬಂತು. ಮಂಗಳವಾರ ಬೆಳಿಗ್ಗೆ ಸೂರ್ಯಕಾಂತಿ ಹೊಲಗಳಿಗೆಲ್ಲ ಔಷಧಿ, ಸೋಮವಾರ ಸಂಜೆಯೇ ಪೆಟ್ಟಿಗೆ ಮುಚ್ಚಿ ಎಂದು. ಸದಸ್ಯರೆಲ್ಲ ಓದಿದರು, ಮುಚ್ಚಿದರು.

ಆ ವರ್ಷವೂ ಸೂರ್ಯಕಾಂತಿ ಹೊಲಗಳಲ್ಲಿ ಪೆಟ್ಟಿಗೆ ಇಳಿಸಿದ್ದ ಜೇನುಗಾರ ಸೋಮವಾರ ಬೆಳಿಗ್ಗೆ ಎಂದಿನಂತೆ ಫೋನು ಮಾಡಿದ. ಬೀಗ ಹಾಕಿದ ಕೋಣೆಯಲ್ಲಿ ಫೋನು ಬಡಿದುಕೊಂಡಿತು. ಮಧ್ಯಾಹ್ನ ಮತ್ತೆ ಮಾಡಿದ. ಸಂಜೆ ತಾನೇ ಹೋಗಿ ನೋಡೋಣವೆಂದು ಸಂಖ್ಯೆ ಹಾಕಿದ, ಪಾಸ್‌ವರ್ಡ್ ಹಾಕಿದ. ಎರಡು ವರ್ಷದಿಂದ ಬಾಯಲ್ಲಿ ಹೇಳಿದ್ದೇ ಹೊರತು ಕೈಯಲ್ಲಿ ಹಾಕಿದವನಲ್ಲ. ಮೂರು ಸಲ ತಪ್ಪಿತು. ಬಾಗಿಲು ಮುಚ್ಚಿತು. ಏನಾದರೂ ಇದ್ದಿದ್ದರೆ ಅವರೇ ಫೋನು ಮಾಡುತ್ತಿದ್ದರು ಎಂದು ತನಗೆ ತಾನೇ ಹೇಳಿಕೊಂಡು ಮಲಗಿದ.

ಬುಧವಾರ ಅವಳು ಕೆಲಸಕ್ಕೆ ಬಂದಾಗ ಮೆಟ್ಟಿಲ ಮೇಲೆ ಒಬ್ಬ ಕೂತಿದ್ದ. ಅವಳನ್ನು ನೋಡಿ ಎದ್ದು ನಿಂತ. ಅವಳು ಯಾರು ಬೇಕಾಗಿತ್ತು ಎಂದಳು. ದನಿ ಕೇಳಿದ ಕೂಡಲೇ ಅವನು ಗುರುತು ಹಿಡಿದ.

“ನೀವೇನಾ ತಾಯಿ? ದನಿ ಕೇಳಿ ಇನ್ನೂ ಸ್ವಲ್ಪ ದಪ್ಪ ಇರ್ತೀರಿ ಅಂದ್ಕೊಂಡಿದ್ದೆ.”

ಅವಳು ನಗಲು ಹೋದಳು. ಅವನು ನಗುತ್ತಿರಲಿಲ್ಲ.

“ಮೂವತ್ತು ಪೆಟ್ಟಿಗೆ,” ಎಂದ. “ನಿನ್ನೆ ಸಂಜೆ ಒಂದೊಂದಕ್ಕೂ ಕಿವಿ ಇಟ್ಟು ನೋಡಿದೆ. ಹನ್ನೊಂದು ಮಾತಾಡಲಿಲ್ಲ.”

ಅವನು ಜೇಬಿನಿಂದ ಫೋನು ತೆಗೆದ.

“ನಿಮಗೆ ಬಿಡುವಿದ್ದರೆ ಇವತ್ತು ಹೇಳಿಕೊಡಿ. ಎಷ್ಟು ಹೊತ್ತಾದರೂ ಕೂರ್ತೀನಿ. ಬುತ್ತಿ ತಂದಿದ್ದೀನಿ.”

ಅವನು ಬುತ್ತಿ ತಂದಿದ್ದ. ಇಡೀ ದಿನದ ಪಾಠವೆಂದುಕೊಂಡು ಬಂದಿದ್ದ. ಅವಳು ಬಾಗಿಲು ತೆಗೆದು ಅವನನ್ನು ಕೂರಿಸಿದಳು. ಮುಚ್ಚಿದ್ದನ್ನು ಮೊದಲು ತೆಗೆದಳು. ಸಂಖ್ಯೆ ಅವನಿಂದಲೇ ಹಾಕಿಸಿದಳು. ಪಾಸ್‌ವರ್ಡ್ ಅವನಿಂದಲೇ ಹಾಕಿಸಿದಳು. ಅಂಕಿ ತಕ್ಷಣ ಬಂತು. ಅದನ್ನೂ ಹಾಕಿದ. ಆಮೇಲೆ ಅವಳು ಆ ಸಣ್ಣ ಚೌಕವನ್ನು ತೋರಿಸಿ, ಇಲ್ಲಿ ಒತ್ತಿ ಎಂದಳು. ಒತ್ತಿದ. ಒಳಗೆ ಹೋದ. ಹೊರಗೆ ಬಂದು ಮತ್ತೆ ಒತ್ತಿ ನೋಡಿದ. ಏನೂ ಕೇಳದೆ ಬಾಗಿಲು ತೆಗೆಯಿತು. ಕೆಳಗಿನ ಅಂಗಡಿಯಿಂದ ಅವಳು ತರಿಸಿದ್ದ ಟೀ ಇನ್ನೂ ಬಿಸಿಯಾಗಿತ್ತು.

“ಇಷ್ಟೇನಾ?” ಎಂದ.

“ಇಷ್ಟೇ,” ಎಂದಳು.

ಅವನು ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅವಳು ಮೇಜನ್ನು ನೋಡುತ್ತಿದ್ದಳು. ಈಗ ಕೇಳುತ್ತಾನೆ, ಕೇಳಿದರೆ ಹೇಳಿಬಿಡುತ್ತೇನೆ ಎಂದುಕೊಂಡಳು. ಅವನು ತಲೆ ಆಡಿಸಿದ.

“ನಾನೆಂಥ ದಡ್ಡ ನೋಡಿ ತಾಯಿ. ಇಷ್ಟು ಕಲಿಯೋಕೆ ಎರಡು ವರ್ಷ ನಿಮ್ಮ ಪ್ರಾಣ ತಿಂದೆ.”

ಅವಳು ಇಲ್ಲ ಎನ್ನಬೇಕಿತ್ತು. ದಡ್ಡತನ ನಿಮ್ಮದಲ್ಲ ಎಂದು ಒಂದು ಮಾತು ಹೇಳಬೇಕಿತ್ತು. ಟೀ ಲೋಟವನ್ನು ಅವನ ಕಡೆ ಸರಿಸಿದಳು. ಅವನು ಟೀ ಕುಡಿದು, ಕೈ ಮುಗಿದು, ಬಿಚ್ಚದ ಬುತ್ತಿಯನ್ನು ಎತ್ತಿಕೊಂಡು ಮೆಟ್ಟಿಲಿಳಿದ. ಇಳಿಯುವ ಮೊದಲು ಕಿಟಕಿಯ ಕಡೆ ಒಮ್ಮೆ ನೋಡಿ, “ನಿಜವಾಗಲೂ ಗೋಡೆಯೇ,” ಎಂದ.

ಮುಂದಿನ ಸೋಮವಾರ ಫೋನು ಬರಲಿಲ್ಲ. ಅದರ ಮುಂದಿನ ಸೋಮವಾರವೂ ಬರಲಿಲ್ಲ.

ಅವಳ ಕಂಪ್ಯೂಟರಿನಲ್ಲಿ ಒಂದು ಪಟ್ಟಿಯಿತ್ತು. ಯಾವ ಸದಸ್ಯರು ಯಾವ ಹೊತ್ತಿಗೆ ಒಳಗೆ ಬಂದರು ಎಂಬ ಪಟ್ಟಿ. ಮೊದಲೆಲ್ಲ ಅವಳು ಅದನ್ನು ನೋಡುತ್ತಿರಲಿಲ್ಲ. ಈಗ ಬೆಳಿಗ್ಗೆ ಬಂದ ಕೂಡಲೇ ಅದನ್ನು ತೆಗೆಯುತ್ತಿದ್ದಳು. ಅವನ ಸಂಖ್ಯೆ ಇರುತ್ತಿತ್ತು. ಆರು ಗಂಟೆ ಹತ್ತು ನಿಮಿಷ. ಕೆಲವು ದಿನ ಆರೂಕಾಲು. ಗುಡ್ಡದ ಮೇಲಿದ್ದಾನೋ ಹೊಲದಲ್ಲಿದ್ದಾನೋ, ಮೋಡವೋ ಬಿಸಿಲೋ, ಹುಳಗಳಿಗೆ ಕೋಪವೋ ಇಲ್ಲವೋ, ಅದರಲ್ಲಿ ಇರುತ್ತಿರಲಿಲ್ಲ. ಹೊತ್ತು ಮಾತ್ರ ಇರುತ್ತಿತ್ತು.

ಅವನು ಹೂವಿನ ಸುದ್ದಿಯನ್ನೂ ತಾನೇ ಬರೆಯತೊಡಗಿದ. ‘ಹೊಂಗೆ ಶುರು.’ ‘ಅಂಟುವಾಳ ಚೆನ್ನಾಗಿದೆ.’ ಎರಡು ಮಾತು, ಸದಸ್ಯರೆಲ್ಲರಿಗೂ. ಅವಳೂ ಓದುತ್ತಿದ್ದಳು. ಮರ ಧೂಳು ಹಿಡಿದ ಹಾಗೆ ಕಾಣುತ್ತದೆ ಎಂದು ಅವನು ಅಲ್ಲಿ ಬರೆಯಲಿಲ್ಲ. ಅದನ್ನೆಲ್ಲ ಬರೆಯುವಷ್ಟು ಹೊತ್ತು ಅಲ್ಲಿ ಯಾರೂ ಯಾವುದಕ್ಕೂ ಕಾಯಬೇಕಾಗಿರಲಿಲ್ಲ.

ಆಮೇಲೆ ಯಾರು ಫೋನು ಮಾಡಿದರೂ ಅವಳು ಮೊದಲ ಮಾತಿಗೇ ಆ ಚೌಕವನ್ನು ಹೇಳಿಕೊಡುತ್ತಿದ್ದಳು. ಫೋನು ದಿನದಿನಕ್ಕೆ ಸುಮ್ಮನಾಯಿತು. ಇಷ್ಟು ಚೆನ್ನಾಗಿ ಕಲಿಸುವವರನ್ನು ನಾವು ಕಂಡಿಲ್ಲ ಎಂದು ಸಂಘದವರು ಹೊಗಳಿದರು. ಅವಳು ಕಿಟಕಿಯನ್ನು ಮುಚ್ಚಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ದಾಕ್ಷಾಯಣಿ ಕತೆ ಮುಂದುವರಿಯುತ್ತದೆಂದು ಕಾದಳು. ಮುಂದುವರಿಯಲಿಲ್ಲ.

“ಅವನು ಮತ್ತೆ ಒಂದು ಸಲವೂ ಫೋನು ಮಾಡಲಿಲ್ಲವೇ ಗುರುಗಳೇ?”

“ಏಕೆ ಮಾಡಬೇಕು? ಅವನಿಗೆ ಒಳಗೆ ಹೋಗುವುದು ಬರುತ್ತಿತ್ತು.”

“ಹಾಗಾದರೆ ದೊಡ್ಡ ತಪ್ಪು, ಅವನಿಗೆ ಆ ಸಣ್ಣ ಚೌಕವನ್ನು ಹೇಳದೆ ಇಟ್ಟುಕೊಂಡದ್ದು.”

ಗುರುಗಳು ಅಂಗಳದ ಆಚೆ ಬಸ್ಸು ನಿಲ್ಲುವ ಜಾಗವನ್ನು ನೋಡುತ್ತಿದ್ದರು. ಅಲ್ಲಿಂದ ಕಣ್ಣು ತೆಗೆಯದೆ ಹೇಳಿದರು.

“ನಾಳೆ ಬೆಳಿಗ್ಗೆ ನೀನು ಹೊರಡುವಾಗ, ಇನ್ನೂ ಒಂದು ಪಾಠ ಬಾಕಿಯಿದೆ ಎಂದು ನಾನು ಕೂಗಿ ಕರೆದರೆ, ನಂಬಬೇಡ ಮಗೂ.”

ದಾಕ್ಷಾಯಣಿ ಅಂಗೈ ಮೇಲೆ ಬೆರಳಿನಿಂದ ಬರೆಯತೊಡಗಿದ ಪ್ರಶ್ನೆ ಮಣಿಕಟ್ಟಿನ ತನಕ ಹರಿಯಿತು.